ಅಪ್ಪನ ಗಾಡಿ, ನಾನು ಹಾಕಿದ ಪಂಪು

ಗಾಡಿಯ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನ ಒಳಗಿಂದ ಎರಡು-ಮೂರು ಸೆಕೆಂಡ್ ‘ಜುಂಯ್’ ಅಂತ ಸದ್ದು ಬರುತ್ತಲ್ಲ, ಗಮನಿಸಿದ್ದೀರಾ? ನಾನಂತೂ ಐದು ವರ್ಷ ಗಮನಿಸಿರಲಿಲ್ಲ. ಅದು ನಿಂತ ದಿನವೇ ಗೊತ್ತಾಗಿದ್ದು, ಅಲ್ಲೊಂದು ಸದ್ದು ಇತ್ತು ಅಂತ.

ಈ ಮಾರ್ಚ್‌ನಲ್ಲಿ ಯುಗಾದಿಗೆ ಕಮಲಾಪುರಕ್ಕೆ ಬಂದಿದ್ದೆ. ಬೆಳಗ್ಗೆ ಆರಕ್ಕೆ ಕೆರೆ ಕೆಳಗಿನ ಬಾಳೆ ತೋಟಕ್ಕೆ ಹೊರಟ ಅಪ್ಪ ಅಂಗಳದಲ್ಲೇ ನಿಂತಿದ್ದರು. ಸೆಲ್ಫ್ ಒತ್ತಿದರೆ ಇಂಜಿನ್ ಗರಗರ ತಿರುಗುತ್ತೆ, ಹತ್ತಿಕೊಳ್ಳಲ್ಲ.

“ತಮ್ಮಾ, ಗಾಡಿ ಚಾಲು ಆಗವಲ್ದು ನೋಡು. ಪೆಟ್ರೋಲ್ ಐತಿ.”

ಈ ಗಾಡಿ ತಗೊಂಡಿದ್ದು ನಾನೇ. 2020ರಲ್ಲಿ, ಮೊದಲ ಲಾಕ್‌ಡೌನ್ ಮುಗಿದ ಮೇಲೆ. ಆಫೀಸು ಮನೆಗೇ ಬಂದಿತ್ತು, ಸುಮಾರು ಎರಡು ವರ್ಷ ಕಮಲಾಪುರದಿಂದಲೇ ಕೆಲಸ. ಮತ್ತೆ ಬೆಂಗಳೂರಿಗೆ ಹೋಗುವಾಗ ಗಾಡಿ ಅಪ್ಪನಿಗೆ ಬಿಟ್ಟು ಹೋದೆ. ಈಗ 41 ಸಾವಿರ ಕಿಲೋಮೀಟರ್ ಓಡಿದೆ. ಅದರಲ್ಲಿ ಮುಕ್ಕಾಲು ಪಾಲು ತೋಟ, ಹೊಸಪೇಟೆ ಮಾರ್ಕೆಟ್ಟು, ಕಂಪ್ಲಿಯ ಚಿಕ್ಕಮ್ಮನ ಮನೆ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತಲ್ಲ, ಆಮೇಲೆ ಬಂದ ಬಹುಪಾಲು ಬೈಕುಗಳಲ್ಲಿ ಕಾರ್ಬೊರೇಟರ್ ಇಲ್ಲ. ಹಳೇ ಗಾಡಿಯಲ್ಲಿ ಟ್ಯಾಂಕು ಮೇಲೆ, ಕಾರ್ಬೊರೇಟರ್ ಕೆಳಗೆ. ಪೆಟ್ರೋಲ್ ತಾನಾಗೇ ಇಳಿಯುತ್ತಿತ್ತು. ಈಗಿನ ಇಂಜೆಕ್ಟರಿಗೆ ಹಾಗೆ ಇಳಿದರೆ ಸಾಲದು, ಒತ್ತಡದಲ್ಲಿ ಕೊಡಬೇಕು. ನಮ್ಮ ಗಾಡಿಗೆ ಸುಮಾರು 43 ಪಿಎಸ್ಐ. ಅದಕ್ಕೇ ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲಿ ಮುಳುಗಿದ ಹೆಬ್ಬೆರಳು ಗಾತ್ರದ ಒಂದು ಎಲೆಕ್ಟ್ರಿಕ್ ಪಂಪು. ಕೀ ತಿರುಗಿಸಿದಾಗ ಕೇಳುವ ‘ಜುಂಯ್’ ಅದರದ್ದೇ. ಆ ದಿನ ಆ ಸದ್ದು ಇರಲಿಲ್ಲ.

ಫ್ಯೂಸ್ ನೋಡಿದೆ, ಸರಿಯಿತ್ತು. ವೈರಿನ ಸಾಕೆಟ್‌ಗೆ ಮಲ್ಟಿಮೀಟರ್ ಹಿಡಿದೆ, ಕರೆಂಟ್ ಬರ್ತಿತ್ತು. ಪಂಪೇ ಹೋಗಿದೆ ಅನ್ನೋದು ಖಾತ್ರಿಯಾಯ್ತು. ಇಷ್ಟರ ಮಟ್ಟಿಗೆ ನಾನು ಸರಿಯಾಗೇ ಇದ್ದೆ ಅಂತ ಈಗಲೂ ಹೇಳ್ತೀನಿ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಪಂಪು ಬಿಡಿಯಾಗಿ ಬರಲ್ಲ, ಪೂರ್ತಿ ಸೆಟ್ಟೇ ತಗೋಬೇಕು ಅಂದರು. ಸೆಟ್ಟು ಅಂದರೆ ಪಂಪು, ಅದರ ಮೂತಿಗೆ ಹಾಕುವ ಜಾಲಿ, ಒಳಗಿನ ಫಿಲ್ಟರು, ಒತ್ತಡ ಹಿಡಿದಿಡುವ ರೆಗ್ಯುಲೇಟರು, ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ತೇಲು, ಎಲ್ಲಾ ಸೇರಿ. 6,800 ರೂಪಾಯಿ. ಸ್ಟಾಕ್ ಇಲ್ಲ, ಬರೋಕೆ ಇಪ್ಪತ್ತು ದಿನ.

ಹೊಸಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಅಪ್ಪನ ಹಳೇ ಗಾಡಿಯ ಕಾಲದಿಂದ ಪರಿಚಯ. ಅವರು, “ಬರೇ ಪಂಪು ಬದಲಿ ಮಾಡ್ಬೋದು. ಒಳ್ಳೇದು ಹಾಕಿದ್ರ ಕೂಲಿ ಸೇರಿ ಮೂರೂವರೆ ಸಾವಿರ ಆಗ್ತೈತಿ,” ಅಂದರು. ನಾನು ಫೋನ್ ಕಿವಿಯಲ್ಲಿಟ್ಟುಕೊಂಡೇ ಲ್ಯಾಪ್‌ಟಾಪಿನಲ್ಲಿ ಹುಡುಕ್ತಿದ್ದೆ. ನಮ್ಮ ಗಾಡಿಯ ಹೆಸರು ಹಾಕಿ, ‘ಇದಕ್ಕೆ ಹೊಂದುತ್ತದೆ’ ಅಂತ ಬರೆದಿದ್ದ ಪಂಪು 1,150 ರೂಪಾಯಿ. ನಾಲ್ಕೂಕಾಲು ಸ್ಟಾರ್. ಎರಡು ದಿನದಲ್ಲಿ ಮನೆ ಬಾಗಿಲಿಗೆ.

ನೀವಾಗಿದ್ದರೂ ಅದನ್ನೇ ಒತ್ತುತ್ತಿದ್ದಿರಿ ಅಂದುಕೊಳ್ತೀನಿ.

ಪಂಪು ಬಂತು. ಬ್ಯಾಟರಿ ವೈರ್ ಬಿಚ್ಚಿದೆ, ಪೆಟ್ರೋಲ್ ಕ್ಯಾನಿಗೆ ಬಸಿದೆ, ಟ್ಯಾಂಕ್ ಕಳಚಿ ಅಂಗಳದ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಮಗುಚಿ ಹಾಕಿದೆ. ಅಮ್ಮನಿಗೆ ಒಲೆ ಕಡೆಯ ಕಿಟಕಿ ಮುಚ್ಚಲು ಹೇಳಿದೆ. ಟ್ಯಾಂಕಿನ ತಳದ ಬೋಲ್ಟುಗಳನ್ನು ಬಿಚ್ಚಿ ಸೆಟ್ ಹೊರತೆಗೆದರೆ, ಜಾಲಿ ಕಾಫಿಪುಡಿ ಸೋಸಿದ ಬಟ್ಟೆಯ ಹಾಗೆ ಕಂದಾಗಿತ್ತು. ಹಳೇ ಪಂಪಿನಿಂದ ಮೇಲಿನ ಮೂತಿಗೆ ಸುರುಳಿ ಸುರುಳಿಯಾದ ಒಂದು ಗಟ್ಟಿ ಪ್ಲಾಸ್ಟಿಕ್ ಪೈಪ್ ಇತ್ತು, ಕಿತ್ತರೆ ಬರಲಿಲ್ಲ, ಕೊಯ್ದೆ. ಹೊಸ ಪಂಪಿನ ಡಬ್ಬಿಯಲ್ಲಿ ಪೈಪ್ ಇರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಅರ್ಧ ಅಡಿ ಪೆಟ್ರೋಲ್ ಪೈಪು, ಕರೀ ರಬ್ಬರಿನದು, ತಂದೆ. ಎರಡು ಕ್ಲಿಪ್ ಬಿಗಿದೆ. ವೈರು ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತೆ ಅಂತ ಓದಿದ್ದೆ, ಎರಡು ಸಲ ನೋಡಿಕೊಂಡೆ. ಹಳೇ ರಬ್ಬರ್ ರಿಂಗ್ ಪೆಟ್ರೋಲ್ ಕುಡಿದು ಉಬ್ಬಿ ತನ್ನ ಜಾಗದಲ್ಲಿ ಕೂರಲೇ ಇಲ್ಲ. ಒಂದು ಗಂಟೆ ಬಿಸಿಲಿಗಿಟ್ಟ ಮೇಲೆ ಕುಗ್ಗಿತು, ಒತ್ತಿ ಕೂರಿಸಿದೆ.

ಕೀ ತಿರುಗಿಸಿದೆ. ಜುಂಯ್! ಹಳೆಯದಕ್ಕಿಂತ ಸ್ವಲ್ಪ ಜೋರಾಗೇ. ಸೆಲ್ಫ್ ಒತ್ತಿದೆ, ಒಂದೇ ಸಲಕ್ಕೆ ಹತ್ತಿಕೊಂಡಿತು.

ಮ್ಯೂಸಿಯಂವರೆಗೆ ಹೋಗಿ ಬಂದೆ, ಕೆರೆ ಏರಿ ಮೇಲೆ ಒಂದು ಸುತ್ತು ಹೊಡೆದೆ. ಬೆಣ್ಣೆ ಹಂಗೆ ಓಡ್ತು. ಕೊಯ್ದ ಹಳೇ ಪಂಪು, ಹೊಸ ಡಬ್ಬಿ, ಗ್ರೀಸ್ ಹತ್ತಿದ ನನ್ನ ಕೈ ಮೂರನ್ನೂ ಸೇರಿಸಿ ಸ್ಟೇಟಸ್ ಹಾಕಿದೆ. ‘5,650 ಉಳಿಸಿದ್ದು’ ಅಂತ ಬರೆದಿದ್ದೆ. ಅಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿದರು: “ನಮ್ ಹುಡುಗ ಕಂಪ್ಯೂಟರ್ ಅಷ್ಟಾ ಅಲ್ಲ, ಗಾಡಿನೂ ಬಿಚ್ಚತಾನ.”

ಅದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ.

ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಒಂದೇ ಉತ್ತರ. “ಗಾಡಿ ಹೆಂಗೈತಿ?” “ಮಸ್ತ್ ಐತಿ.”

ಮೇ ಎರಡನೇ ವಾರ ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನು. ಸಾಮಾನ್ಯವಾಗಿ ಅಪ್ಪನ ಫೋನಿನಿಂದ ಮಾಡೋರು, ಆ ದಿನ ತಮ್ಮದರಿಂದಲೇ ಮಾಡಿದ್ದರು. ಕಂಪ್ಲಿಯ ಚಿಕ್ಕಮ್ಮನ ಮನೆಯಿಂದ ಇಬ್ಬರೂ ಗಾಡಿ ಮೇಲೆ ವಾಪಸ್ ಬರ್ತಿದ್ದರಂತೆ. ಮಾಲ್ಯವಂತ ಬೆಟ್ಟ ಇನ್ನೂ ದೂರ ಇರುವಾಗಲೇ ಗಾಡಿ ಎಳೆಯೋದು ಬಿಟ್ಟು, ಕೆಮ್ಮಿ, ಬಂದ್ ಬಿತ್ತಂತೆ. ಕತ್ತಲಾಗ್ತಿತ್ತು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬಂಡೆ ಸಾಲಿನ ಆ ರಸ್ತೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಸುಮ್ಮನೆ ನಿಲ್ಲಲ್ಲ. ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ. ಕರಡಿ, ಚಿರತೆ ಕರಡಿಧಾಮದ ಬೋರ್ಡು ಓದಿಕೊಂಡು ಓಡಾಡಲ್ಲ. ಮುಕ್ಕಾಲು ಗಂಟೆ ನಿಂತರಂತೆ. ಕೊನೆಗೆ ಕಬ್ಬಿನ ಲೋಡು ಇಳಿಸಿ ಬರ್ತಿದ್ದ ಟ್ರ್ಯಾಕ್ಟರಿನವರು ಗಾಡಿ ಸಮೇತ ಹತ್ತಿಸಿಕೊಂಡು ಮನೆ ಮುಟ್ಟಿಸಿದರು.

“ನಿಮ್ಮಪ್ಪ ಹೇಳ್ಬ್ಯಾಡ ಅಂದಾರ. ಆದ್ರ ಏನ್ ಹೇಳ್ಲಪ, ಇದು ನಾಕನೇ ಸಲ.”

ನಾಲ್ಕನೇ ಸಲ!

ಏಪ್ರಿಲ್‌ನಲ್ಲೇ ಶುರುವಾಗಿತ್ತು. ಬೆಳಗ್ಗೆ ಏನೂ ತೊಂದರೆ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಸಪೇಟೆಯಿಂದ ಬರುವಾಗ ಗಾಡಿ ಸೋಲುತ್ತಿತ್ತು. ಅಪ್ಪ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಗಾಡಿ ನಿಲ್ಲಿಸಿ, ಟವಲ್ ಒದ್ದೆ ಮಾಡಿ ಟ್ಯಾಂಕಿನ ಮೇಲೆ ಹೊದಿಸಿ, ಹದಿನೈದು ನಿಮಿಷ ನೆರಳಲ್ಲಿ ಕೂತರೆ ಮತ್ತೆ ಚಾಲು ಆಗುತ್ತಿತ್ತು. ಅದಕ್ಕೆ ಅಂತಲೇ ಒಂದು ನೀರಿನ ಬಾಟಲಿ ಸೈಡಿಗೆ ಸಿಕ್ಕಿಸಿಕೊಂಡು ಹೋಗ್ತಿದ್ದರಂತೆ. ಒಂದು ಸಲ ವಿಡಿಯೋ ಕಾಲ್‌ನಲ್ಲಿ ಆ ಒದ್ದೆ ಟವಲ್ ನಾನೇ ನೋಡಿದ್ದೆ. ಬಿಸಿಲಿಗೆ ತಲೆಗೆ ಸುತ್ತಿಕೊಳ್ಳೋಕೆ ಅಂದುಕೊಂಡಿದ್ದೆ.

ಮರುದಿನ ರಜೆ ಹಾಕಿ ಊರಿಗೆ ಬಂದೆ. ಈ ಸಲ ಟೂಲ್ ಬಾಕ್ಸ್ ತೆಗೆಯಲಿಲ್ಲ. ಗಾಡಿಯನ್ನು ಆಟೋದಲ್ಲಿ ಹಾಕಿಕೊಂಡು ನೇರ ಹೊಸಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ.

ಅವರು ಏನನ್ನೂ ಬಿಚ್ಚಲಿಲ್ಲ. ಮೊದಲು ಟ್ಯಾಂಕಿಗೂ ಇಂಜೆಕ್ಟರಿಗೂ ನಡುವೆ ಒಂದು ಪ್ರೆಶರ್ ಮೀಟರ್ ಸಿಕ್ಕಿಸಿದರು. ನಾನು ಮಾರ್ಚ್‌ನಲ್ಲಿ ಮಾಡಬೇಕಿದ್ದ, ಮಾಡದೇ ಬಿಟ್ಟ ಕೆಲಸ ಇದೊಂದೇ. ಚಾಲು ಮಾಡಿದಾಗ 40 ಪಿಎಸ್ಐ. “ಪರವಾಗಿಲ್ಲ ಅನಸ್ತೈತಿ ಅಲ್ಲಾ?” ಅಂದು ಗಾಡಿಯನ್ನು ಬಿಸಿಲಲ್ಲೇ ಓಡಲು ಬಿಟ್ಟು ಚಹಾ ತರಿಸಿದರು. ಇಪ್ಪತ್ತು ನಿಮಿಷಕ್ಕೆ ಮುಳ್ಳು 27ಕ್ಕೆ ಬಂದಿತ್ತು.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕೆಂದರೆ ನನಗೆ ನಿಜಕ್ಕೂ ನಾಚಿಕೆಯಾದ ಜಾಗ ಇದು. ಗಾಡಿಯ ಕಂಪ್ಯೂಟರ್ ಇದೆಯಲ್ಲ, ಇಸಿಯು, ಅದು ಪೆಟ್ರೋಲನ್ನು ಅಳೆಯುವುದೇ ಇಲ್ಲ. ಇಂಜೆಕ್ಟರ್ ಬಾಯಿ ಎಷ್ಟು ಹೊತ್ತು ತೆರೆದಿರಬೇಕು ಅಂತ ಮಾತ್ರ ಲೆಕ್ಕ ಹಾಕುತ್ತೆ. ಹಿಂದಿನ ಒತ್ತಡ 43 ಇದ್ದೇ ಇದೆ ಅನ್ನುವ ನಂಬಿಕೆ ಮೇಲೆ ಆ ಲೆಕ್ಕ. ನಮ್ಮ ಥರದ ಸಾಮಾನ್ಯ ಬೈಕುಗಳಲ್ಲಿ ಒತ್ತಡ ನೋಡುವ ಸೆನ್ಸರ್ ಇರಲ್ಲ. ಒತ್ತಡ 27 ಆದಾಗ ಅಷ್ಟೇ ಹೊತ್ತಿನಲ್ಲಿ ಕಡಿಮೆ ಪೆಟ್ರೋಲ್ ಬೀಳುತ್ತೆ. ನಿಧಾನಕ್ಕೆ ಹೋಗುವಾಗ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ನೋಡಿ ಒಂದಿಷ್ಟು ಸರಿದೂಗಿಸುತ್ತೆ. ಹಾಗಾಗಿ ಕೆರೆ ಏರಿ ಮೇಲೆ ನನಗೆ ಬೆಣ್ಣೆ ಅನ್ನಿಸಿದ್ದು. ಇಬ್ಬರು ಕೂತು, ಏರು ಹತ್ತಿ, ಎಕ್ಸಲೇಟರ್ ಪೂರ್ತಿ ತಿರುವಿದಾಗ ದೂಗಿಸೋಕೆ ಆಗಲ್ಲ. ಮೀಟರಿನಲ್ಲಿ ಹಳದಿ ಲೈಟೂ ಬರಲ್ಲ, ಯಾಕೆಂದರೆ ಕಂಪ್ಯೂಟರಿನ ಪ್ರಕಾರ ತಪ್ಪೇನೂ ಆಗಿಲ್ಲ. ಬಂದ ಇನ್‌ಪುಟ್ ಪರೀಕ್ಷಿಸದೆ ನಂಬಿದ್ದಕ್ಕೆ ಆಫೀಸಿನಲ್ಲಿ ಜೂನಿಯರ್‌ಗಳ ಕೋಡನ್ನು ವಾಪಸ್ ಕಳಿಸೋನು ನಾನು. ನಾನೂ ನಂಬಿದ್ದು ಏನನ್ನು? ನಾಲ್ಕೂಕಾಲು ಸ್ಟಾರ್ ಅನ್ನು.

ಟ್ಯಾಂಕ್ ಇಳಿಸಿ ಸೆಟ್ ತೆಗೆದರು. ನನ್ನ ಕರೀ ರಬ್ಬರ್ ಪೈಪು ನೀರಲ್ಲಿ ನೆನೆದ ಹುಣಸೆಹಣ್ಣಿನ ಹಾಗೆ ಉಬ್ಬಿ, ಕ್ಲಿಪ್ ಹತ್ತಿರ ಉದ್ದಕ್ಕೆ ಸೀಳಿತ್ತು.

“ಇದನ್ನ ಯಾರ್ ಕೊಟ್ರು?”

“ಪೆಟ್ರೋಲ್ ಪೈಪು ಅಂತಾನೇ ಕೊಟ್ರು ಅಣ್ಣ.”

“ಪೆಟ್ರೋಲ್ ಪೈಪೇ. ಆದ್ರ ಇದು ಒಳಗ ಪೆಟ್ರೋಲ್ ಹರಿಯಾಕ ಮಾಡಿದ್ದು, ಇಂಜಿನಿಯರ್ರೇ. ಪೆಟ್ರೋಲ್‌ನಾಗ ಮುಳುಗಾಕ ಅಲ್ಲ.”

ಇದು ನನಗೆ ಹೊಸ ವಿಷಯ. ಸಾಮಾನ್ಯ ಪೈಪಿನ ಒಳಪದರ ಪೆಟ್ರೋಲಿಗೆ ತಡೆಯುತ್ತೆ, ಹೊರಪದರ ಗಾಳಿ, ಬಿಸಿಲಿಗೆ ಮಾತ್ರ. ಟ್ಯಾಂಕಿನೊಳಗೆ ಇಟ್ಟರೆ ಹೊರಗಿನಿಂದ ಕರಗುತ್ತಾ ಬರುತ್ತೆ. ಮುಳುಗಿ ಇರೋದಕ್ಕೆ ಅಂತಲೇ ಬೇರೆ ಪೈಪು ಬರುತ್ತೆ, ಮೇಲೆ ‘ಜೆ30 ಆರ್10’ ಅಂತ ಅಚ್ಚು ಇರುತ್ತೆ, ಬೆಲೆ ಹಲವು ಪಟ್ಟು ಜಾಸ್ತಿ. ಸೀಳಿದ ಪೈಪಿನಿಂದ ಪೆಟ್ರೋಲ್ ಟ್ಯಾಂಕಿನೊಳಗೇ ಚಿಮ್ಮಿ ವಾಪಸ್ ಬೀಳ್ತಿತ್ತು. ಹೊರಗೆ ಒಂದು ಹನಿ ಇಲ್ಲ, ವಾಸನೆ ಇಲ್ಲ. ಗೊತ್ತಾಗೋದು ಹೇಗೆ?

ಹಾಗಾದರೆ ಪಂಪಿನದೇನೂ ತಪ್ಪಿಲ್ಲವಾ? ನನಗೆ ತಿಳಿಯಲೇಬೇಕಿತ್ತು. ಸರಿಯಾದ ಪೈಪು ಹಾಕಿ, ಅದೇ ಪಂಪನ್ನು ಮತ್ತೆ ಕೂರಿಸಿ ನೋಡೋಣ ಅಂತ ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ಚಾಲು ಮಾಡಿದಾಗ 43, ಅರ್ಧ ಗಂಟೆಗೆ 34. ಅಂದರೆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು, ಸಣ್ಣ ಪಾಲು ಪಂಪಿನದು. ಬಿಸಿಯಾದರೆ ಅದು ಸೋಲುತ್ತಿತ್ತು. ಡಬ್ಬಿ ತಿರುಗಿಸಿ ನೋಡಿದೆ. ನಮ್ಮ ಗಾಡಿಯ ಹೆಸರು ಸೇರಿ ಹನ್ನೊಂದು ಗಾಡಿಗಳ ಹೆಸರಿತ್ತು. ಎಷ್ಟು ಒತ್ತಡ, ಗಂಟೆಗೆ ಎಷ್ಟು ಲೀಟರ್, ಎಷ್ಟು ಆಂಪಿಯರ್ ಕರೆಂಟ್, ಒಂದೂ ಇರಲಿಲ್ಲ.

ಕೊನೆಗೆ ಹಾಕಿಸಿದ್ದೂ ಒರಿಜಿನಲ್ ಅಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಇಂಥ ಕತೆ ಕೇಳಿದವರು ಕೊನೆಗೆ ‘ಅದಕ್ಕೇ ಕಂಪನಿ ಪಾರ್ಟೇ ಹಾಕಿಸಬೇಕು’ ಅಂದುಬಿಡ್ತಾರೆ. ಬೈಕ್ ಕಂಪನಿಗಳು ಇಂಜೆಕ್ಷನ್ ಸಾಮಾನನ್ನು ಬಹುಪಾಲು ಬೇರೆಯವರಿಂದ ತರಿಸಿ ತಮ್ಮ ಡಬ್ಬಿಯಲ್ಲಿ ಹಾಕಿ ಮಾರುತ್ತವೆ. ಬಾಷ್, ಮಿಕುನಿಯಂಥ ಹೆಸರುಗಳನ್ನು ನೀವೂ ಕೇಳಿರ್ತೀರಿ. ಅಂಥದ್ದೇ ಒಬ್ಬ ತಯಾರಕರ ಪಂಪನ್ನು ಮೆಕ್ಯಾನಿಕ್ ಅಣ್ಣ ತೆಗೆದರು. ಡಬ್ಬಿಯೊಳಗಿನ ಚೀಟಿಯಲ್ಲಿ ಒತ್ತಡ, ಹರಿವು, ಕರೆಂಟ್ ಮೂರೂ ಅಚ್ಚಾಗಿತ್ತು. 2,400 ರೂಪಾಯಿ. ಹೊಸ ಜಾಲಿ, ಹೊಸ ರಬ್ಬರ್ ರಿಂಗ್, ಪೈಪು, ಕೂಲಿ ಸೇರಿ 3,550. ಮಾರ್ಚ್‌ನಲ್ಲಿ ಅವರು ಹೇಳಿದ್ದೂ ಹೆಚ್ಚುಕಮ್ಮಿ ಅಷ್ಟೇ. ಉಬ್ಬಿದ ಹಳೇ ರಿಂಗನ್ನೇ ನಾನು ಮತ್ತೆ ಹಾಕಿದ್ದು ನೋಡಿ ಮಾತ್ರ ಅವರಿಗೆ ನಿಜವಾಗಿ ಸಿಟ್ಟು ಬಂತು. ಅದು ಟ್ಯಾಂಕಿನ ತಳದಲ್ಲಿದೆ, ಸೋರಿದರೆ ಪೆಟ್ರೋಲ್ ಬೀಳೋದು ನೇರ ಬಿಸಿ ಇಂಜಿನ್ ಮೇಲೆ. ಮೇಲೆ ಕೂತಿರೋದು ಅಪ್ಪ-ಅಮ್ಮ.

ಮುಕ್ಕಾಲು ಗಂಟೆ ಬಿಸಿಲಲ್ಲಿ ಓಡಿಸಿದೆವು. ಮುಳ್ಳು 42ರಿಂದ ಕೆಳಗಿಳಿಯಲಿಲ್ಲ.

ಕಾಯ್ತಾ ಕೂತಾಗ ಮಾತು ಡ್ಯಾಮಿನ ಗೇಟಿಗೆ ಹೋಯಿತು. ಹೊಸಪೇಟೆಯಲ್ಲಿ ಯಾವ ಮಾತು ಶುರುವಾದರೂ ಹತ್ತು ನಿಮಿಷಕ್ಕೆ ಡ್ಯಾಮಿಗೆ ಬಂದು ನಿಲ್ಲುತ್ತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತಲ್ಲ. ಎಪ್ಪತ್ತು ವರ್ಷದ ಗೇಟು, ಅದಕ್ಕೆ ಯಾವ ಶೋರೂಮಿನಲ್ಲಿ ಸ್ಪೇರ್ ಸಿಗುತ್ತೆ? ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಅಳತೆ ತೆಗೆದು, ಉಕ್ಕಿನ ಹಲಗೆಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ತಡೆದರು. “ಅದೂ ಕಂಪನಿ ಪಾರ್ಟ್ ಅಲ್ಲ ನೋಡ್ರಿ,” ಅಂದರು ಮೆಕ್ಯಾನಿಕ್ ಅಣ್ಣ. “ಆದ್ರ ಅಳತಿ ತಗೊಂಡು ಮಾಡಿದ್ದು.”

ಹಳೇ ಪಂಪು ಯಾಕೆ 41 ಸಾವಿರಕ್ಕೇ ಹೋಯಿತು ಅಂತಲೂ ಕೇಳಿದೆ. ಅವರು ಅಪ್ಪನ ಕಡೆ ನೋಡಿದರು. “ಎಷ್ಟ್ ಪೆಟ್ರೋಲ್ ಹಾಕಸ್ತೀರಿ ಗೌಡ್ರೇ?”

“ನೂರು ರೂಪಾಯಿದು.”

ಈಗ ನೂರಕ್ಕೆ ಒಂದು ಲೀಟರೂ ಬರಲ್ಲ. ಪಂಪಿಗೆ ತಂಪು ಕೊಡೋದೂ ಪೆಟ್ರೋಲೇ, ಅದು ಮೋಟಾರಿನ ಮೈಯೊಳಗಿಂದಲೇ ಹರಿದು ಹೋಗುತ್ತೆ, ಸುತ್ತಲೂ ನಿಂತಿರುತ್ತೆ. ಟ್ಯಾಂಕಿನ ತಳದಲ್ಲಿ ಒಂದು ಲೀಟರ್ ಮಾತ್ರ ಇದ್ದರೆ, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದೇ ಕಾದುಹೋಗುತ್ತೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಇ20 ಮಾರಾಟಕ್ಕೆ ಚಾಲನೆ ಕೊಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ಗಾಳಿಯ ತೇವ ಹೀರುತ್ತೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪಿನ ಜಾಲಿ ಇರೋದೂ ಅಲ್ಲೇ. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20-30 ಸಾವಿರ ಕಿಲೋಮೀಟರ್ ಆದ ಮೇಲೆ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತ್ತು. ನಮ್ಮ ಪಂಪನ್ನು ಕೊಂದಿದ್ದು ಎಥನಾಲೋ ಅಪ್ಪನ ನೂರು ರೂಪಾಯಿಯೋ, ಕೊಯ್ದು ಬಿಸಾಕಿದ ಮೇಲೆ ಯಾರು ಹೇಳಬೇಕು? ನನ್ನ ಅನುಮಾನ ನೂರು ರೂಪಾಯಿ ಮೇಲೆ.

ವಾಪಸ್ ಬರುವಾಗ ನಾನು ಓಡಿಸಿದೆ, ಅಪ್ಪ ಹಿಂದೆ ಕೂತಿದ್ದರು. ಅನಂತಶಯನಗುಡಿ ದಾಟಿದ ಮೇಲೆ ಕೇಳಿದೆ.

“ನಾಲ್ಕು ಸಲ ನಿಂತರೂ ಯಾಕಪ್ಪಾ ಹೇಳಲಿಲ್ಲ?”

ಸ್ವಲ್ಪ ಹೊತ್ತು ಮಾತಿಲ್ಲ. ಗಾಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ.

“ಅಷ್ಟ್ ಖುಷೀಲೆ ಹಾಕಿದ್ದೆಲ್ಲೋ. ಬೇವಿನ ಮರದ ಕೆಳಗ ಮಧ್ಯಾಹ್ನ ಊಟನೂ ಬಿಟ್ಟು ಕುಂತಿದ್ದಿ. ಹೆಂಗ್ ಹೇಳ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಕಂಪ್ಲಿ ರಸ್ತೆಯಲ್ಲಿ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಟ್ಯಾಂಕಿನ ಮೇಲೆ ಒದ್ದೆ ಟವಲ್ ಹೊದಿಸಿ ಕಾಯ್ತಿದ್ದ ಮನುಷ್ಯ ಆಗಲೂ ಫೋನ್ ಮಾಡಿದ್ದು ಟ್ರ್ಯಾಕ್ಟರಿನವರಿಗೆ, ನನಗಲ್ಲ. ಆ ಮುಕ್ಕಾಲು ಗಂಟೆ ನಾನು ಬೆಂಗಳೂರಿನಲ್ಲಿ ಏನು ಮಾಡ್ತಿದ್ದೆ ಅಂತ ಲೆಕ್ಕ ಹಾಕಿದೆ. ಊಟ ಆರ್ಡರ್ ಮಾಡಿ, ಗಾಡಿ ಎಲ್ಲಿ ಬಂತು ಅಂತ ಮ್ಯಾಪಿನಲ್ಲಿ ನೋಡ್ತಿದ್ದೆ.

ಹಳೇ ಸ್ಟೇಟಸ್ಸಿನ ಫೋಟೋ ಇನ್ನೂ ಫೋನಿನಲ್ಲಿದೆ. ಒಂದು ಪ್ರೆಶರ್ ಮೀಟರ್ ತರಿಸಿ ಊರಿನ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೀನಿ. ಅಮ್ಮನಿಗೆ, ಗಾಡಿ ಒಂದು ಸಲ ಕೆಮ್ಮಿದರೂ ನೀನೇ ನನಗೆ ಹೇಳು ಅಂದಿದ್ದೀನಿ.

ಕಳೆದ ವಾರ ಅಪ್ಪನ ನಂಬರಿಗೆ ಐನೂರು ರೂಪಾಯಿ ಹಾಕಿದೆ, ಟ್ಯಾಂಕಿಗೆ ಅಂತಲೇ ಬರೆದು. ಸಂಜೆ ಫೋನ್ ಮಾಡಿ, ಅರ್ಧ ಟ್ಯಾಂಕಾದರೂ ಆಯ್ತಾ ಅಂತ ಕೇಳಿದೆ.

“ಇನ್ನೂರದ್ದು ಹಾಕ್ಸೀನಿ. ಅಷ್ಟೊಂದು ತುಂಬಿಸಿ ಅಂಗಳದಾಗ ನಿಲ್ಸಿದ್ರ ಯಾರರ ಬಸ್ಕೊಂಡು ಹೋಗ್ತಾರ.”

“ಉಳಿದ ಮುನ್ನೂರು?”

“ಬಾಳೆಗೆ ಗೊಬ್ಬರ ತಂದೆ.”